ಓಣಿ ಕೂಡಿ ಸುಧಾರಿಸಿದ ಹೊಗೆಯಿಲ್ಲದ ಒಲೆ

ಒಲೆ ಕಟ್ಟುವುದು ಕಷ್ಟದ ಕೆಲಸವೇನೂ ಅಲ್ಲ. ಇಟ್ಟಿಗೆ, ಮಣ್ಣು, ನೀರು, ತಗಡಿನ ಒಂದು ಕೊಳವೆ, ತಲೆಯಲ್ಲಿ ಸ್ವಲ್ಪ ಬುದ್ಧಿ ಇದ್ದರೆ ಸಾಕು. ಬುದ್ಧಿ ಬಿಟ್ಟು ಉಳಿದದ್ದೆಲ್ಲ ಯಲಬುರ್ಗಾದಲ್ಲೇ ಸಿಗುತ್ತಿತ್ತು. ಬುದ್ಧಿ ನನ್ನ ಹತ್ತಿರ ಬೇಕಾದಷ್ಟಿದೆ ಎಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ!

ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ಆಗ ನಾನು ಯಲಬುರ್ಗಾದಲ್ಲಿ ಗ್ರಾಮಸೇವಕ. ಹೊಗೆಯಿಲ್ಲದ ಒಲೆಯನ್ನು ಹಳ್ಳಿ ಹಳ್ಳಿಗೂ ಮುಟ್ಟಿಸಬೇಕೆಂದು ನಮ್ಮನ್ನೆಲ್ಲ ಕೊಪ್ಪಳಕ್ಕೆ ಕರೆಸಿ ತರಬೇತಿ ಕೊಟ್ಟಿದ್ದರು. ತರಬೇತಿ ಮಧ್ಯಾಹ್ನದ ಊಟ ಆದ ಮೇಲೆ ಶುರುವಾಯಿತು. ಊಟ ಬಹಳ ಚೆನ್ನಾಗಿತ್ತು. ಹೀಗಾಗಿ ತರಬೇತಿಯ ಆರಂಭ ಮತ್ತು ಮುಕ್ತಾಯ ಎರಡೂ ನನಗೆ ಅಚ್ಚುಕಟ್ಟಾಗಿ ನೆನಪಿದ್ದವು. ನಡುವಿನದನ್ನು ಸ್ವಂತ ಬುದ್ಧಿಯಿಂದ ತುಂಬಿಕೊಳ್ಳಬಹುದೆಂದು ಧೈರ್ಯ ಮಾಡಿದೆ.

ಆದರೆ ನಮ್ಮ ಮನೆಯಲ್ಲಿ ಆ ಒಲೆ ಬೇಕಾದದ್ದು ಸರಕಾರಕ್ಕಾಗಿ ಅಲ್ಲ, ಮಗಳಿಗಾಗಿ. ನಮ್ಮ ಒಬ್ಬಳೇ ಮಗಳು ಸುಮಂಗಲಾಳನ್ನು ನವಲಿಗೆ ಕೊಟ್ಟಿದ್ದೆವು. ಭತ್ತ ಬೆಳೆಯುವ ಅನುಕೂಲಸ್ಥ ಮನೆತನ. ಅವಳು ಬಸುರಿಯಾದಾಗ ಬೀಗತಿ, ಎಂದರೆ ಅವಳ ಅತ್ತೆ, ನಮ್ಮ ಮನೆಗೆ ಬಂದು ಅಡುಗೆಮನೆಯಲ್ಲಿ ಕಾಲಿಟ್ಟರು. ಕೆಮ್ಮುತ್ತ ಹೊರಗೆ ಬಂದರು.

“ಏನ್ ಹೊಗಿರಿ ಇದು ಬೀಗತಿ! ಇದರೊಳಗ ಬಾಣಂತಿನ್ನ, ಕೂಸಿನ್ನ ಹೆಂಗ ಇಟ್ಕೋತೀರಿ? ಹುಡುಗಿ ಹೆರಿಗಿ ನಮ್ಮಲ್ಲೇ ಆಗ್ಲಿ ತಗೋರಿ.”

ನನ್ನ ಹೆಂಡತಿ ಶಾರದಾಳ ಮುಖ ಸಣ್ಣದಾಯಿತು. “ಹಂಗನಬ್ಯಾಡ್ರಿ ಅಕ್ಕಾರ. ಚೊಚ್ಚಲ ಹೆರಿಗಿ ತವರಮನ್ಯಾಗ ಆಗ್ಬೇಕು. ಮಗಳ ಬಾಣಂತನ ಮಾಡ್ಲಿಲ್ಲಂದ್ರ ನಾ ಎಂಥಾ ತಾಯಿ?”

ಬೀಗತಿ ಕೆಟ್ಟವರಲ್ಲ. ಸ್ವಲ್ಪ ಹೊತ್ತು ಯೋಚಿಸಿ ತೀರ್ಪು ಕೊಟ್ಟರು. “ಏಳನೇ ತಿಂಗಳಾಗ ಕುಬಸಕ್ಕ ಹುಡುಗಿನ್ನ ಕರ್ಕೊಂಡು ನಾವ ಬರ್ತೀವಿ. ಹೊಗಿ ಇರಲಿಲ್ಲಂದ್ರ ಇಲ್ಲೇ ಬಿಟ್ಟು ಹೋಗ್ತೀವಿ. ಇದ್ರ, ವಾಪಸ್ ಕರ್ಕೊಂಡು ಹೋಗ್ತೀವಿ.”

ಕುಬಸ ಎಂದರೆ ನಮ್ಮ ಕಡೆ ಬಸುರಿ ಹೆಣ್ಣಿಗೆ ಮಾಡುವ ಸೀಮಂತ. ಅಷ್ಟರಲ್ಲಿ ಹೊಗೆ ಹೋಗಬೇಕು, ಇಲ್ಲವೆ ಮಗಳು ಹೋಗುತ್ತಾಳೆ. ಅಂದು ರಾತ್ರಿ ಶಾರದಾ ಊಟ ಮಾಡಲಿಲ್ಲ. ನಾನು ಮಾಡಿದೆ. ಮಾಡುತ್ತಲೇ ಅವಳಿಗೆ ಅಭಯ ಕೊಟ್ಟೆ. “ನೀ ಯಾಕ ಚಿಂತಿ ಮಾಡ್ತಿ? ನಾ ಅದೀನಲ್ಲ!”

ಅವಳ ಚಿಂತೆ ಹೆಚ್ಚಾದದ್ದು ಆಮೇಲೆಯೇ.

ಹಳೆಯ ಒಲೆಯನ್ನು ಕಿತ್ತು ಅದೇ ಜಾಗದಲ್ಲಿ ಹೊಸದನ್ನು ಕಟ್ಟಿದೆ. ಮುಂದೆ ಕಟ್ಟಿಗೆ ಇಡುವ ಬಾಯಿ, ಮೇಲೆ ಪಾತ್ರೆ ಇಡುವ ಕಂಡಿಗಳು, ಒಳಗೆ ಬೆಂಕಿ ಹರಿಯುವ ಸುರಂಗ, ಕೊನೆಗೆ ಹೊಗೆ ಹೋಗುವ ಕೊಳವೆ. ಕೊಳವೆಯನ್ನು ಮೇಲೆ ಬಿಡೋಣವೆಂದರೆ ಮಾಳಿಗೆಗೆ ತೂತು ಹೊಡೆಯಬೇಕು, ಮಳೆಗಾಲದಲ್ಲಿ ಸೋರುತ್ತದೆ. ಆದ್ದರಿಂದ ಪಕ್ಕದ ಗೋಡೆಗೆ ತೂತು ಹೊಡೆದು ಕಿರಾಣಿ ಅಂಗಡಿ ಶೆಟ್ಟರ ಅಂಗಳದ ಕಡೆಗೆ ಬಿಟ್ಟೆ. ಶೆಟ್ಟರು ಸಜ್ಜನರು. “ಬಿಡ್ರಿ ಸೇವಕ್ರ, ಅದಕ್ಕೇನಂತ? ಹೊಗಿಯಿಲ್ಲದ ಒಲಿ ಅಂದ ಮ್ಯಾಲೆ ಕೊಳವ್ಯಾಗ ಏನ್ ಬರ್ತೈತಿ?” ಎಂದರು. ನಾನು ಅವರ ತಿಳಿವಳಿಕೆಯನ್ನು ತಿದ್ದಲು ಹೋಗಲಿಲ್ಲ.

ಒಲೆ ಹೊತ್ತಿಸಿದೆವು. ಆಶ್ಚರ್ಯವೆಂದರೆ, ಉರಿಯಿತು! ಹೊಗೆ ಸುರಂಗ ಹಿಡಿದು ಕೊಳವೆಯ ದಾರಿಯಾಗಿ ಶೆಟ್ಟರ ಮನೆಗೆ ಹೋಯಿತು. ಶಾರದಾ ಕಣ್ಣೊರೆಸಿಕೊಳ್ಳದೆ ರೊಟ್ಟಿ ಬಡಿದಳು. “ಛಲೋ ಆತು ನೋಡ್ರಿ” ಎಂದಳು. ಮದುವೆಯಾದ ಮೇಲೆ ನಾನು ಮಾಡಿದ ಕೆಲಸಕ್ಕೆ ಅವಳ ಬಾಯಿಂದ ಬಂದ ಮೊದಲ ಪ್ರಶಸ್ತಿ ಅದು. ಅಲ್ಲಿಗೆ ನಿಲ್ಲಿಸಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ನಾನು ನಿಲ್ಲಿಸಲಿಲ್ಲ. ಸಂಜೆ ಓಣಿಯ ಕಟ್ಟೆಯ ಮೇಲೆ ನಿಂತು ಘೋಷಣೆ ಮಾಡಿದೆ.

“ಈ ಒಲಿಯೊಳಗ ಮುಚ್ಚುಮರಿ ಏನಿಲ್ಲ. ಯಾರ ಬೇಕಾದ್ರೂ ಬರ್ರಿ, ನೋಡ್ರಿ, ಅಳತಿ ತಗೊಂಡು ನಿಮ್ಮನ್ಯಾಗ ಕಟ್ಕೋರಿ. ದೋಷ ಕಂಡ್ರ ಹೇಳ್ರಿ. ತಿದ್ದಾಕ ಬಂದ್ರ ತಿದ್ರಿ. ನನ್ನ ಕೇಳೂ ಜರೂರ ಇಲ್ಲ. ಇದು ನನ್ನ ಒಲಿ ಅಲ್ಲ, ಓಣಿ ಒಲಿ!”

ಮನೆಗೆ ಬಂದಾಗ ಶಾರದಾ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. “ಛಲೋ ಉರಿಯಾಕತ್ತೈತಿ. ಊರ ಮಂದಿ ಕೈ ಯಾಕ್ರಿ ಅದರ ಮ್ಯಾಲೆ?”

“ನಿನಗ ತಿಳಿಯಂಗಿಲ್ಲ. ಹತ್ತು ಮಂದಿ ಕಣ್ಣು ಬಿದ್ರ ದೋಷ ತಾನ ಹೊರಗ ಬರ್ತೈತಿ.”

“ಹತ್ತು ಮಂದಿ ಕಣ್ಣು ಬಿದ್ರ ಒಲಿಗೆ ದೃಷ್ಟಿ ತಗಲ್ತೈತಿ!” ಎಂದು ಅವಳು ಒಂದು ಒಣಮೆಣಸಿನಕಾಯಿ ಒಲೆಗೆ ನಿವಾಳಿಸಿ ಅದರೊಳಗೇ ಹಾಕಿದಳು. ಆ ಘಾಟು ಶೆಟ್ಟರ ಮನೆಗೆ ಹೋಯಿತು.

ಕೆಲವೇ ದಿನಗಳಲ್ಲಿ ದೂರುಗಳು ಬರತೊಡಗಿದವು. ಮೊದಲು ಬಂದವಳು ಹಿಂದಿನ ಮನೆಯ ಸಂಗವ್ವ. ಓಣಿಯ ಇನ್ನೂ ಕೆಲವರಂತೆ ಅವಳೂ ನಮ್ಮ ಒಲೆ ನೋಡಿಕೊಂಡು ಹೋಗಿ ತನ್ನ ಮನೆಯಲ್ಲಿ ಒಂದನ್ನು ಕಟ್ಟಿಕೊಂಡಿದ್ದಳು.

“ಸೇವಕ್ರ, ನಿಮ್ಮ ಒಲಿ ಸರಿ ಇಲ್ರಿ.”

“ಏನಾಗೇತಿ?”

“ಸರಿ ಇಲ್ರಿ.”

“ಏನು ಸರಿ ಇಲ್ಲ ಅನ್ನೂದು ಹೇಳಬೇಕಲ್ಲವಾ.”

“ನೀವು ಸರಕಾರದವರು. ನಿಮಗ ಗೊತ್ತಿರಬೇಕಲ್ರಿ!”

ನಾನು ತಾಳ್ಮೆಗೆಡಲಿಲ್ಲ. ಓಣಿಯ ಹೆಂಗಸರನ್ನು ಕೂರಿಸಿ, ದೋಷ ಹೇಳುವುದಕ್ಕೂ ಒಂದು ಪದ್ಧತಿ ಉಂಟು ಎಂದು ತಿಳಿಸಿದೆ. ಕಟ್ಟಿಗೆ ಯಾವುದು, ಹಸಿಯೋ ಒಣಗಿದ್ದೋ, ಪಾತ್ರೆ ಯಾವುದು, ಹೊಗೆ ಎಲ್ಲಿಂದ ಬಂತು, ಎಲ್ಲವನ್ನೂ ಕ್ರಮವಾಗಿ ಹೇಳಬೇಕು. ಎಲ್ಲರಿಗಿಂತ ಹೆಚ್ಚು ತಲೆಯಾಡಿಸಿದವರು ಎದುರು ಮನೆಯ ಗೌರಮ್ಮಾಯಿ. ಓಣಿಯಲ್ಲಿ ಹಿರಿಯ ಜೀವ. ಅವರ ಮಾತು ಮೀರಿ ನಮ್ಮ ಓಣಿಯಲ್ಲಿ ಎಮ್ಮೆಯೂ ಕರು ಹಾಕುತ್ತಿರಲಿಲ್ಲ. ಮರುದಿನವೇ ಅವರು ಪದ್ಧತಿ ಪ್ರಕಾರ ದೂರು ತಂದರು.

“ಕಟ್ಟಿಗಿ ಜಾಲಿದು ತಮ್ಮಾ. ಒಣಗಿದ್ದು. ಬೋಗಾಣಿ ತಾಮ್ರದ್ದು. ಹಚ್ಚಿದಾಕಿ ನನ್ನ ಸೊಸಿ. ಮುಂಜಾನೆ ಎಬ್ಬಿಸಿದ್ರ ಏಳಂಗಿಲ್ಲ. ಊದು ಅಂದ್ರ ಊದಂಗಿಲ್ಲ. ಏನರ ಅಂದ್ರ ಮಾರಿ ತಿರುವತಾಳ.”

“ಆಯಿ, ಅದು ಸೊಸಿ ದೋಷ ಆತು. ಒಲಿದು ಹೇಳ್ರಿ.”

“ಒಲಿ ಏನ್ ಮಾಡ್ತೈತೋ ಪಾಪ! ಮೊದಲ ಇಕಿನ್ನ ತಿದ್ದು, ಒಲಿ ತಾನ ಸರಿ ಆಕ್ಕೈತಿ.”

ಅಲ್ಲಿಂದ ಸಂಗವ್ವನ ಒಲೆಯನ್ನು ಪ್ರತ್ಯಕ್ಷ ಪರಿಶೀಲಿಸಲು ಹೋದೆ. ಅವಳ ಅಡುಗೆಮನೆ ಹೊಗೆಯಿಂದ ತುಂಬಿತ್ತು. ಎಷ್ಟು ತಡಕಿದರೂ ಒಲೆಗೆ ಕೊಳವೆಯೇ ಇಲ್ಲ!

“ಕೊಳವಿ ಎಲ್ಲೈತಿ ಸಂಗವ್ವಾ?”

“ಹಾಕಿಲ್ರಿ.”

“ಯಾಕ?”

“ಹೊಗಿಯಿಲ್ಲದ ಒಲಿಗೆ ಹೊಗಿ ಹೋಗಾಕ ಕೊಳವಿ ಯಾಕ ಬೇಕ್ರಿ? ನೀವು ಸುಮ್ಮನ ಖರ್ಚು ಹಚ್ಚೀರಿ ಅಂತ ನಾ ಬಿಟ್ಟೆ.”

ಈ ತರ್ಕಕ್ಕೆ ತರಬೇತಿಯಲ್ಲಿ ಉತ್ತರ ಹೇಳಿಕೊಟ್ಟಿರಲಿಲ್ಲ. ಹೇಳಿಕೊಟ್ಟಿದ್ದರೆ ಅದು ನಡುವಿನ ಭಾಗದಲ್ಲಿರಬೇಕು.

ದೋಷ ಹೇಳುವವರ ಹಿಂದೆಯೇ ಬೇಡಿಕೆ ಹೇಳುವವರು ಬಂದರು. ಒಬ್ಬಳಿಗೆ ಪಾತ್ರೆ ತಿಕ್ಕಲು ಬೂದಿ ಸಾಲದು, ಬೂದಿ ಹೆಚ್ಚು ಬರುವಂತೆ ಮಾಡಬೇಕು. ಇನ್ನೊಬ್ಬಳಿಗೆ ಬದನೆಕಾಯಿ ಸುಡಲು ಜಾಗ ಬೇಕು. ಮತ್ತೊಬ್ಬಳ ಬೆಕ್ಕಿಗೆ ಬೆಚ್ಚಗೆ ಮಲಗಲು ಮೂಲೆ ಬೇಕು. ಗೌರಮ್ಮಾಯಿಯಂತೂ, “ಬೀಜದ ಜ್ವಾಳ ಮ್ಯಾಲೆ ಕಟ್ಟೀನಿ, ಹೊಗಿ ಬಡೀಲಿಲ್ಲಂದ್ರ ಹುಳ ಹತ್ತತೈತಿ. ಸ್ವಲ್ಪ ಹೊಗಿ ಬರೂವಂಗ ಮಾಡು” ಎಂದರು. ಹೊಗೆಯಿಲ್ಲದ ಒಲೆಯಲ್ಲಿ ಸ್ವಲ್ಪ ಹೊಗೆ! ಯಾರ ಮನಸ್ಸನ್ನೂ ನೋಯಿಸಬಾರದೆಂದು ನಾನು ಎಲ್ಲರಿಗೂ “ಆಗಲಿ, ನೋಡೂಣು” ಎಂದೆ. ಬೆಕ್ಕಿಗೆ ಮೂಲೆಯನ್ನು ಕೂಡಲೇ ಮಾಡಿಸಿದೆ. ಬೆಕ್ಕು ಅದರಲ್ಲಿ ಒಂದು ದಿನವೂ ಮಲಗಲಿಲ್ಲ.

ದಿನ ಕಳೆದಂತೆ ಓಣಿಯವರ ಉತ್ಸಾಹ ಇಳಿಯಿತು. ದೂರುವವರು ಇದ್ದರು, ತಿದ್ದುವವರು ಇರಲಿಲ್ಲ. ಜನರಿಗೆ ಪ್ರೋತ್ಸಾಹ ಕೊಡಬೇಕು ಎಂದು ನನಗೆ ಹೊಳೆಯಿತು. ಯಾವ ಹೆಣ್ಣುಮಗಳು ಒಲೆಯ ದೋಷ ಕಂಡುಹಿಡಿದು ತಿದ್ದುತ್ತಾಳೋ ಅವಳಿಗೆ ನಮ್ಮ ಮನೆಯಲ್ಲಿ ಉಡಿ ತುಂಬಲಾಗುವುದು ಎಂದು ಸಾರಿದೆ. ಉಡಿ ಎಂದರೆ ತೆಂಗಿನಕಾಯಿ, ಅಕ್ಕಿ, ಎಲೆಅಡಿಕೆ, ಮೇಲೊಂದು ಕುಪ್ಪಸದ ಖಣ.

“ಖಣ ಎಲ್ಲಿಂದ ತರ್ತೀರಿ?” ಎಂದು ಶಾರದಾ ಕೇಳಿದಳು.

“ನಿನ್ನ ಟ್ರಂಕಿನ್ಯಾಗ ಅದಾವಲ್ಲ.”

“ಅವು ಕುಬಸಕ್ಕ ಬಂದ ಮಂದಿಗೆ ಕೊಡಾಕ ಇಟ್ಟಾವು! ನಿಮಗ ಏನರ ಬುದ್ಧಿ ಐತೇನು?”

ಈ ಪ್ರಶ್ನೆಗೆ ಉತ್ತರ ಆಗಲೇ ಓಣಿಗೆಲ್ಲ ಗೊತ್ತಿತ್ತು. ನನಗೊಬ್ಬನಿಗೆ ಗೊತ್ತಿರಲಿಲ್ಲ. ಟ್ರಂಕು ತೆರೆಸಿದೆ.

ಮರುದಿನ ಬೆಳಗಾಗುವಷ್ಟರಲ್ಲಿ ಹೆಂಗಸರು ಬಾಗಿಲಲ್ಲಿ ಪಾಳಿ ಹಚ್ಚಿದ್ದರು. ಎಲ್ಲರ ಕೈಯಲ್ಲೂ ಕೆಮ್ಮಣ್ಣು, ಸಗಣಿ ಕಲಸಿದ ಬುಟ್ಟಿ! ನಮ್ಮ ಕಡೆ ಒಲೆಗೆ ಏನೇ ಆಗಲಿ, ಔಷಧ ಒಂದೇ. ಮೆತ್ತುವುದು. ಬಿರುಕು ಬಿಟ್ಟರೆ ಮೆತ್ತಬೇಕು, ಹೊಗೆ ಬಂದರೆ ಮೆತ್ತಬೇಕು, ಏನೂ ಆಗದಿದ್ದರೆ ಹಬ್ಬ ಎಂದಾದರೂ ಮೆತ್ತಬೇಕು. ಒಬ್ಬಳು ಹೊರಗೆ ಮೆತ್ತಿದಳು. ಒಬ್ಬಳು ಬಾಯಿಗೆ ಮೆತ್ತಿದಳು. ಕೈ ಉದ್ದವಿದ್ದವಳು ಸುರಂಗದ ಒಳಗೂ ಮೆತ್ತಿ ಬಂದಳು. ಸಂಗವ್ವನಿಗೆ ಎಲ್ಲಿ ನೋಡಿದರೂ ದೋಷ ಸಿಗಲಿಲ್ಲ. ಆ ಕಡೆ ಈ ಕಡೆ ನೋಡಿ, ಉಗುರಿನಿಂದ ಕೆರೆದು ತಾನೇ ಒಂದು ಬಿರುಕು ಮಾಡಿ, “ಇಲ್ಲಿ ನೋಡ್ರಿ ಎಂಥಾ ಬಿರುಕು!” ಎಂದು ಕೂಗಿ, ತಾನೇ ಮೆತ್ತಿ, ಸೆರಗೊಡ್ಡಿ ಕುಳಿತಳು. ಶಾರದಾ ಹಲ್ಲು ಕಚ್ಚಿಕೊಂಡು ಉಡಿ ತುಂಬಿದಳು. ಟ್ರಂಕು ಖಾಲಿಯಾದ ಮೇಲೂ ಮೆತ್ತುವುದು ನಿಲ್ಲಲಿಲ್ಲ. ಅಷ್ಟರಲ್ಲಿ ಅದು ರೂಢಿಯಾಗಿತ್ತು.

ಒಲೆ ದಿನದಿಂದ ದಿನಕ್ಕೆ ಹೊರಗೆ ದಪ್ಪವಾಯಿತು, ಒಳಗೆ ಕಿರಿದಾಯಿತು. ಮೊದಲು ಕೊರಡು ಹಿಡಿಸುತ್ತಿದ್ದ ಬಾಯಲ್ಲಿ ಆಮೇಲೆ ಸೀಳಿದ ಕಟ್ಟಿಗೆ ಮಾತ್ರ ಹಿಡಿಸಿತು. ಆಮೇಲೆ ಪುರಲೆ. ಆಮೇಲೆ ಜೋಳದ ದಂಟು. ಇದೇ ರೀತಿ ಸುಧಾರಣೆ ಮುಂದುವರಿದರೆ ಊದಿನಕಡ್ಡಿಯಿಂದ ಅನ್ನ ಮಾಡಬೇಕಾಗುತ್ತದೆ ಎಂದು ನನಗೂ ಭಯವಾಯಿತು. ಒಂದು ದಿನ ಉಳಿ ತೆಗೆದುಕೊಂಡು ಬಾಯಿ ಕೆತ್ತಲು ಕೂತೆ. ಸದ್ದು ಕೇಳಿ ಗೌರಮ್ಮಾಯಿ ಓಡಿ ಬಂದರು.

“ಏ ತಮ್ಮಾ! ಮಗಳು ಬಸರಿ ಇದ್ದಾಗ ಒಲಿ ಒಡೀತಾರೇನು? ಹಳೇ ಒಲಿ ಕಿತ್ತಿದಿ, ಆವಾಗ ನಾ ಊರಾಗ ಇರಲಿಲ್ಲ. ಈಗ ಅದೀನಿ!”

“ಒಡಿಯಾಕತ್ತಿಲ್ಲ ಆಯಿ. ಸ್ವಲ್ಪ ಮಣ್ಣು ತಗೀತೀನಿ ಅಷ್ಟ.”

“ಆ ಮಣ್ಣು ಮೆತ್ತಿದಾಕಿ ನಾನು. ನನ್ನ ಕೈ ನಿನಗ ಬ್ಯಾಡಾತೇನು?”

ನಾನು ಉಳಿ ಕೆಳಗಿಟ್ಟೆ. ಗೌರಮ್ಮಾಯಿ ನಾನು ಕೆತ್ತಿದ ಜಾಗಕ್ಕೆ ಮತ್ತೊಂದು ಕೈ ಮೆತ್ತಿ ಹೋದರು. ಹೀಗೆ ನಮ್ಮ ಒಲೆಗೆ ಯಾರು ಬೇಕಾದರೂ ಕೂಡಿಸಬಹುದಿತ್ತು, ಯಾರೂ ಕಳೆಯುವಂತಿರಲಿಲ್ಲ.

ಕುಬಸದ ದಿನ ಬಂತು. ನಮ್ಮ ಮನೆ ಚಿಕ್ಕದೆಂದು ಶೆಟ್ಟರು ತಮ್ಮ ಅಂಗಳದಲ್ಲಿ ಚಪ್ಪರ ಹಾಕಿಸಿ, ಬೀಗರು ಅಲ್ಲೇ ಕೂರಲಿ ಎಂದರು. ಶಾರದಾ ನಸುಕಿನಲ್ಲೇ ಎದ್ದು ಓಣಿಯ ಹೆಂಗಸರನ್ನು ಕಟ್ಟಿಕೊಂಡು ಹೋಳಿಗೆಗೆ ಕೂತಿದ್ದಳು. ಕಟ್ಟಿಗೆಯನ್ನು ಕಡ್ಡಿಯಂತೆ ಸೀಳಿ ಸೀಳಿ ಒಲೆಗೆ ಉಣಿಸುತ್ತಿದ್ದರು. ಒಲೆ ಏದುಸಿರು ಬಿಡುತ್ತ ಉರಿಯುತ್ತಿತ್ತು.

“ಏನರ ಆಗ್ಲಿ, ಬೀಗತಿ ಉಂಡು ಏಳೂತನಕ ಇದು ತಡೀಬೇಕ್ರಿ” ಎಂದಳು. “ನನ್ನ ಮಗಳು ಮನಿಗೆ ಬಂದು ಹೊಸಲಿ ಮುಟ್ಟಿ ವಾಪಸ್ ಹೋದ್ರ ನಾ ತಡಕೊಳ್ಳಂಗಿಲ್ಲ.”

“ನಾ ಅದೀನಲ್ಲ” ಎಂದು ನಾನು ಬೀಗರನ್ನು ಕರೆತರಲು ಬಸ್‌ಸ್ಟ್ಯಾಂಡಿಗೆ ಹೋದೆ.

ಎಲ್ಲರನ್ನೂ ಕರೆದುಕೊಂಡು ಬಂದು ಶೆಟ್ಟರ ಅಂಗಳದಲ್ಲಿ ಕೂರಿಸಿದೆ. ಸುಮಂಗಲಾ ತುಂಬಿದ ಮೈಯಲ್ಲಿ ಹಸಿರು ಸೀರೆ ಉಟ್ಟು ನಗುತ್ತ ಕುಳಿತಳು. ನಾನು ಅಭ್ಯಾಸಬಲದಿಂದ ಗೋಡೆಯ ಕೊಳವೆಯ ಕಡೆಗೆ ನೋಡಿದೆ. ನನ್ನ ಕಣ್ಣನ್ನು ನಾನೇ ನಂಬಲಿಲ್ಲ. ಹೊಗೆ ಇಲ್ಲ! ಒಂದು ಎಳೆಯೂ ಇಲ್ಲ. ಒಳಗಷ್ಟೇ ಅಲ್ಲ, ಹೊರಗೂ ಹೊಗೆ ಬರದ ಒಲೆ! ಓಣಿಯವರೆಲ್ಲ ಕೂಡಿ ಮೆತ್ತಿದ್ದು ಕೊನೆಗೂ ಫಲ ಕೊಟ್ಟಿತು ಎಂದು ನನ್ನ ಎದೆ ಉಬ್ಬಿತು. ತಕ್ಷಣ ಕೊಳವೆಯ ಕೆಳಗೆ ನಿಂತು ಬೀಗರಿಗೆ ಒಂದು ಭಾಷಣ ಮಾಡಿದೆ.

“ನೋಡ್ರಿ ಬೀಗರ, ಒಳಗ ಹೋಳಿಗಿ ಬೇಯಾಕತ್ಯಾವು. ಹೊಗಿ ಕಾಣತೈತೇನು? ಬಾಕಿ ಊರಾಗ ಹೊಗಿ ಹೊರಗ ಕಳಸ್ತಾರ. ನಾವು ಹುಟ್ಟಾಕ ಬಿಟ್ಟಿಲ್ಲ! ಇದು ಒಬ್ಬನ ಕೆಲಸ ಅಲ್ರಿ, ಇಡೀ ಓಣಿ ಕೆಲಸ. ಆದರ ದಾರಿ ತೋರ್ಸಿದಾವ ನಾನು.”

ಬೀಗತಿ ಎದ್ದು ಬಂದು ಕೊಳವೆಯನ್ನು ಕತ್ತೆತ್ತಿ ನೋಡಿದರು. ಅವರ ಮುಖ ಅರಳಿತು. “ಭಾಳ ಛಲೋ ಆತ್ರಿ ಬೀಗರ. ಹಂಗಾದ್ರ ಹುಡುಗಿ ಇಲ್ಲೇ ಇರ್ಲಿ. ನಡೀರಿ, ಬೀಗತಿಗೆ ನಾನ ಹೇಳ್ತೀನಿ.”

ನಾನು ಮುಂದೆ, ಅವರು ಹಿಂದೆ, ಅವರ ಹಿಂದೆ ಸುಮಂಗಲಾ ಮತ್ತು ಶೆಟ್ಟರು. ಅಡುಗೆಮನೆಯ ಬಾಗಿಲು ಮುಚ್ಚಿತ್ತು. ಒಳಗೆ ಯಾರೋ ಬಾಯಿಗೆ ಸೆರಗು ಒತ್ತಿಕೊಂಡು ಕೆಮ್ಮಿದಂತೆ ಕೇಳಿಸಿತು. ನಾನು ಅಭಿಮಾನದಿಂದ ಬಾಗಿಲು ದೂಡಿದೆ.

ಆಮೇಲೆ ಸ್ವಲ್ಪ ಹೊತ್ತು ನನಗೆ ಏನೂ ಕಾಣಲಿಲ್ಲ.

ಹೊಗೆ ಗೋಡೆಯಂತೆ ಬಂದು ಮೈಮೇಲೆ ಬಿತ್ತು. ಅದರೊಳಗಿನಿಂದ ಗೌರಮ್ಮಾಯಿ ಬಂದರು, ಸಂಗವ್ವ ಬಂದಳು, ಇನ್ನೂ ಯಾರು ಯಾರೋ ಗೋಡೆ ತಡಕುತ್ತ ಬಂದರು. ಕೊನೆಗೆ ಶಾರದಾ, ಕೈಯಲ್ಲಿ ಹೋಳಿಗೆಯ ತಟ್ಟೆ ಹಿಡಿದುಕೊಂಡೇ ಹೊರಗೆ ಬಂದಳು. ಕಣ್ಣು ಕೆಂಡದಂತಾಗಿದ್ದವು. ಬೀಗರಿಗೆ ಹೊಗೆ ಕಾಣಬಾರದೆಂದು ಬಾಗಿಲು ಹಾಕಿಕೊಂಡು, ಉಸಿರು ಕಟ್ಟಿಕೊಂಡು, ಅಷ್ಟು ಹೊತ್ತು ಒಳಗೇ ಹೋಳಿಗೆ ಬೇಯಿಸುತ್ತ ಕುಳಿತಿದ್ದರಂತೆ! ಆದರೂ ನನ್ನ ಬಾಯಿ ಸುಮ್ಮನಿರಲಿಲ್ಲ.

“ಹೊಗಿ ಹೊರಗ ಯಾಕ ಹೋಗ್ವಲ್ದು?”

“ಹೆಂಗ ಹೋದೀತ್ರಿ?” ಎಂದರು ಶೆಟ್ಟರು ಸಂತೋಷದಿಂದ. “ಮುಂಜಾನಿಂದ ಚಪ್ಪರದಾಗ ಭಾಳ ಹೊಗಿ ಬರಾಕತ್ತಿತ್ತು. ಬೀಗರು ಕುಂದ್ರೂ ಜಾಗ ಅಲ್ರಿ? ಅದಕ್ಕ ಕೊಳವಿಗೆ ಒಂದು ಹಸೀ ಚೀಲ ತುರುಕಿ ಬಂದೋಬಸ್ತ ಮಾಡಿಬಿಟ್ಟೆ. ತಿದ್ದಾಕ ನನ್ನ ಕೇಳೂ ಜರೂರ ಇಲ್ಲ ಅಂತ ನೀವ ಹೇಳಿದ್ರಲ್ಲ!”

ಅಂಗಳಕ್ಕೆ ಓಡಿ ಬಂದ ಎಲ್ಲರ ಕಣ್ಣಲ್ಲೂ ನೀರಿತ್ತು. ಶಾರದಾಳ ಕಣ್ಣಿನದು ಹೊಗೆಯದಲ್ಲ. ಅವಳು ಮಗಳ ಕೈ ಹಿಡಿದುಕೊಂಡು ಬೀಗತಿಯ ಮುಂದೆ ನಿಂತಳು.

“ಅಕ್ಕಾರ, ಈ ಒಲಿ ನನಗ ಬ್ಯಾಡ. ಇವತ್ತಿಂದ ಹಿತ್ತಲದಾಗ ಮೂರು ಕಲ್ಲು ಇಟ್ಟು ಅಡಿಗಿ ಮಾಡ್ತೀನಿ. ಮಳಿ ಬಂದ್ರೂ ಅಲ್ಲೇ ಮಾಡ್ತೀನಿ. ಮನಿಯೊಳಗ ಹೊಗಿ ಬಂದ್ರ ಕೇಳ್ರಿ. ಮಗಳನ್ನ ಕರ್ಕೊಂಡು ಹೋಗಬ್ಯಾಡ್ರಿ.”

ಬೀಗತಿ ಕೆಮ್ಮುತ್ತ ಕೆಮ್ಮುತ್ತ ಅವಳ ಬೆನ್ನು ಸವರಿದರು. “ಅಳಬ್ಯಾಡ್ರಿ. ಮೂರು ಕಲ್ಲು ಇಟ್ರ ನಂದೇನೂ ತಕರಾರಿಲ್ಲ. ಆದರ...” ಎಂದು ನನ್ನ ಕಡೆ ತಿರುಗಿದರು. “ಇವರು ಮನ್ಯಾಗ ಇರ್ತಾರಲ್ಲ? ಇವತ್ತಿಲ್ಲ ನಾಳೆ ಮೂರು ಕಲ್ಲನ್ನೂ ಸುಧಾರಿಸ್ತಾರಲ್ಲ?”

ನಾನು ಶಾರದಾಳ ಮುಖ ನೋಡಿದೆ. ಅವಳು ನೆಲ ನೋಡಿದಳು.

“ಹಂಗಾದ್ರ ಹಿಂಗ ಮಾಡೂಣು” ಎಂದರು ಬೀಗತಿ. “ಹುಡುಗಿ ಹೆರಿಗಿ ಆಗೂತನಕ ಇಲ್ಲೇ ಇರ್ಲಿ. ಬೀಗರು ನಮ್ಮ ಜೋಡಿ ನವಲಿಗೆ ಬರ್ಲಿ.”

“ಇವರ ಅಂಗಿ ಧೋತ್ರ ಈಗ ಮಡಚಿ ಕೊಡ್ತೀನ್ರಿ!” ಎಂದು ಶಾರದಾ ಒಳಗೆ ಓಡಿದಳು.

ಗೌರಮ್ಮಾಯಿ ಹೌದೆಂದರು, ಸಂಗವ್ವ ಹೌದೆಂದಳು, ಶೆಟ್ಟರು ಚೀಲ ಕಟ್ಟಲು ಹಗ್ಗ ತಂದರು. ಒಂದು ದೋಷವನ್ನು ಓಣಿಯವರೆಲ್ಲ ಒಮ್ಮತದಿಂದ ಗುರುತಿಸಿದ್ದು, ಗುರುತಿಸಿದ ಕೂಡಲೇ ತೆಗೆದುಹಾಕಿದ್ದು ಅದೇ ಮೊದಲು!

ಕಚೇರಿಗೆ ರಜೆ ಹಾಕಿ ನವಲಿಗೆ ಹೋದೆ. ಬೀಗರು ರಾಜೋಪಚಾರ ಮಾಡಿದರು. ಪಡಸಾಲೆಯಲ್ಲಿ ಹಾಸಿಗೆ, ಪಡಸಾಲೆಯಲ್ಲಿ ಊಟ, ಪಡಸಾಲೆಯಲ್ಲಿ ಚಹಾ. ನಾನು ಎದ್ದು ಅಡುಗೆಮನೆಯ ಕಡೆಗೆ ಎರಡು ಹೆಜ್ಜೆ ಇಟ್ಟರೆ ಸಾಕು, “ಏನ್ ಬೇಕಾಗಿತ್ರಿ ಬೀಗರ? ಅಲ್ಲೇ ಕುಂದರ್ರಿ, ತರ್ತೀವಿ” ಎಂದು ಮನೆಮಂದಿಯೆಲ್ಲ ಎದ್ದು ನಿಲ್ಲುತ್ತಿದ್ದರು. ಗದ್ದೆಯಲ್ಲಿ ಭತ್ತ ತೆನೆಯಾಯಿತು. ನಾನು ಅದನ್ನು ನೋಡುತ್ತ ಕುಳಿತೆ. ಯಾವ ಸಲಹೆಯನ್ನೂ ಕೊಡಲಿಲ್ಲ, ಯಾರೂ ಕೇಳಲೂ ಇಲ್ಲ.

ಮೊಮ್ಮಗಳು ಹುಟ್ಟಿದ ಸುದ್ದಿ ಬಂದಾಗ ಸಿಕ್ಕ ಬಸ್ಸು ಹತ್ತಿ ಗಂಗಾವತಿ, ಕೊಪ್ಪಳ ದಾಟಿ ಊರು ಸೇರಿದೆ. ಶಾರದಾ ಬಾಗಿಲಲ್ಲೇ ತಡೆದಳು. ಎಷ್ಟೋ ದಿನಗಳ ಮೇಲೆ ಅವಳ ಮುಖದಲ್ಲಿ ಅಂಥ ಕಳೆ ಕಂಡೆ.

“ಕೂಸು ಕೊಡ್ತೀನಿ, ಒಂದ್ ಮಾತು. ಏನರ ಹೆಚ್ಚು ಕಡಿಮಿ ಕಂಡ್ರ ಬಾಯಿ ಬಿಡಬ್ಯಾಡ್ರಿ.”

ಕೂಸನ್ನು ನನ್ನ ತೊಡೆಯ ಮೇಲೆ ಇಟ್ಟಳು. ಹತ್ತಿಯಂಥ ಕೂಸು. ಸಣ್ಣ ಬಾಯಿ, ಸಣ್ಣ ಕಿವಿ, ಎಲ್ಲವೂ ಬರೋಬ್ಬರಿ. ಮೂಗು ಮಾತ್ರ ದಪ್ಪಗೆ, ಎಡಕ್ಕೆ ವಾಲಿತ್ತು. ನನ್ನದೇ ಮೂಗು! ಸಂತೋಷದಿಂದ ಅದನ್ನೇ ಮತ್ತೆ ಮತ್ತೆ ನೋಡಿದೆ. ಕೊಟ್ಟ ಮಾತಿನಂತೆ ಬಾಯಿ ಬಿಡಲಿಲ್ಲ.

ಹಿಂದಿನಿಂದ ಗೌರಮ್ಮಾಯಿ ಬಗ್ಗಿ ನೋಡಿದರು. “ಅಜ್ಜನ ಮೂಗು ಬಂದೈತಿ ಪಾಪ. ಇರ್ಲಿ ಬಿಡು ಶಾರದಾ, ಚಿಂತಿ ಮಾಡಬ್ಯಾಡ. ಎಳೀ ಮೂಗು ಐತಿ, ದಿನಾ ಎಣ್ಣಿ ಹಚ್ಚಿ ತಿಕ್ಕಿದ್ರ ಹೋಕ್ಕೈತಿ.”

ಸಂಗವ್ವ ಆಗಲೇ ಎಣ್ಣೆಯ ಬಟ್ಟಲು ತರಲು ಎದ್ದಿದ್ದಳು. ನಾನು ಶಾರದಾಳ ಮುಖ ನೋಡಿದೆ, ಇವಳಾದರೂ ನನ್ನ ಪರವಾಗಿ ಒಂದು ಮಾತು ಆಡುತ್ತಾಳೇನೋ ಎಂದು.

“ಎಣ್ಣಿ ಬೆಚ್ಚಗ ಮಾಡಿ ತಗೊಂಬಾ ಸಂಗವ್ವಾ” ಎಂದಳು.